ಕಾಫಿಯ ಒಡಹುಟ್ಟು, ದಮ್ಮಿನ ಮಾತ್ರೆ

(ಆರೋಗ್ಯ ಪಾಠ. ಸಂಘದ ಸಭೆಯಲ್ಲಿ ಒಬ್ಬರು ನಿಧಾನವಾಗಿ ಓದಿ, ಉಳಿದವರು ಕೇಳಿ ಚರ್ಚಿಸಿರಿ.)



ಮಳೆಗಾಲದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಸಂಘಗಳಿಗೆ ನಾವು ಭೇಟಿ ಕೊಟ್ಟಾಗ, ಉಳಿತಾಯದ ಪುಸ್ತಕ ತೆರೆಯುವ ಮೊದಲೇ ಕೇಳಿಬರುವ ಒಂದು ಮಾತಿದೆ: "ನಮ್ಮತ್ತೆಗೆ ಮತ್ತೆ ದಮ್ಮು ಶುರುವಾಗಿದೆ." ಗೋಡೆಗೆಲ್ಲ ಬೂಷ್ಟು, ಒಣಗದ ಕಂಬಳಿ, ಹಸಿ ಸೌದೆಯ ಹೊಗೆ. ಮಳೆ ಮುಗಿಯಿತು ಅನ್ನುವಷ್ಟರಲ್ಲಿ ಅಡಿಕೆ ಸುಲಿಯುವ ಕಾಲ. ಬೇಯಿಸುವ ಒಲೆಯ ಹೊಗೆ, ಸಿಪ್ಪೆಯ ಧೂಳು. ದಮ್ಮು, ಉಬ್ಬಸ, ಗೂರಲು ಅಂತ ಒಂದೊಂದು ಮನೆಯಲ್ಲಿ ಒಂದೊಂದು ಹೆಸರು. ಆದರೆ ಮೆಡಿಕಲ್ ಶಾಪಿನಿಂದ ಬರುವ ಬಿಳಿ ಮಾತ್ರೆ ಮಾತ್ರ ಬಹಳ ಮನೆಗಳಲ್ಲಿ ಒಂದೇ. ಈ ಸಲದ ಪಾಠ ಆ ಮಾತ್ರೆಯ ಬಗ್ಗೆ, ಅದರ ಸಂಬಂಧಿಕರ ಬಗ್ಗೆ.

ಒಂದು ಸಂಘದ ಸದಸ್ಯೆ ನಮಗೆ ಹೇಳಿದ ಸಂಗತಿಯಿಂದ ಶುರು ಮಾಡುತ್ತೇವೆ. ಅವರ ಅತ್ತೆಗೆ ಅರವತ್ತು ದಾಟಿದೆ. ಎಷ್ಟೋ ವರ್ಷದ ಹಿಂದೆ ಡಾಕ್ಟರು ದಮ್ಮಿಗೆ ಬರೆದುಕೊಟ್ಟ ಮಾತ್ರೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಾ ಬಂದಿದ್ದರು. ಚೀಟಿ ಹರಿದು ಹೋಗಿತ್ತು. ಖಾಲಿ ಸ್ಟ್ರಿಪ್ ತೋರಿಸಿದರೆ ಅಂಗಡಿಯಲ್ಲಿ ಕೊಡುತ್ತಿದ್ದರು. ಒಂದು ಮಳೆಗಾಲ ಅವರಿಗೆ ಭೇದಿ ಹಿಡಿಯಿತು. ಪಕ್ಕದ ಮನೆಯಲ್ಲಿ ಉಳಿದಿದ್ದ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆಯನ್ನು ತಂದು ಕೊಟ್ಟರು. ಭೇದಿ ನಿಂತಿತು. ಆದರೆ ಮೂರನೇ ದಿನ ವಾಂತಿ, ಕೈ ನಡುಕ, ರಾತ್ರಿಯಿಡೀ ನಿದ್ದೆ ಇಲ್ಲ, ಎದೆ ಡವಡವ. ಮನೆಯವರು ಗ್ಯಾಸ್ ಅಂದುಕೊಂಡರು. ಮತ್ತೊಬ್ಬರು ದಮ್ಮು ಜಾಸ್ತಿಯಾಗಿದೆ ಅಂತ ಇನ್ನೊಂದು ಬಿಳಿ ಮಾತ್ರೆ ಕೊಟ್ಟರು! ಕೊನೆಗೆ ಜೀಪು ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಎರಡೂ ಸ್ಟ್ರಿಪ್ ನೋಡಿ ಕೇಳಿದ್ದು: "ದಿನಕ್ಕೆ ಎಷ್ಟು ಲೋಟ ಕಾಫಿ ಕುಡೀತಾರೆ?"

"ಮನುಷ್ಯರು ಸಾಯ್ತಾ ಇದ್ದಾರೆ, ಇವರಿಗೆ ಕಾಫಿಯ ಲೆಕ್ಕ ಬೇಕಾ ಅಂತ ನನಗೆ ಸಿಟ್ಟು ಬಂತು" ಅಂತ ಆ ಸೊಸೆ ನಮ್ಮ ಹತ್ತಿರ ಹೇಳಿದರು. ದೇವರ ದಯೆ, ಅತ್ತೆ ಗುಣವಾಗಿ ಮನೆಗೆ ಬಂದರು. ಆದರೆ ಡಾಕ್ಟರ ಆ ಪ್ರಶ್ನೆ ಸರಿಯಾದ ಪ್ರಶ್ನೆಯೇ ಆಗಿತ್ತು. ಯಾಕೆ ಅಂತ ನೋಡೋಣ.

ಒಂದೇ ಮನೆತನ

ಕಾಫಿಯ ವಿಷಯ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಬಾಬಾಬುಡನ್ ಅವರು ಏಳು ಬೀಜ ತಂದು ನಮ್ಮ ಜಿಲ್ಲೆಯ ಬೆಟ್ಟದಲ್ಲಿ ನೆಟ್ಟರು ಎಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬಾಳೆಹೊನ್ನೂರಿನ ಹತ್ತಿರದ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ, ಮೈಸೂರು ಸರ್ಕಾರದ ಕಾಲದಲ್ಲಿ. ಹಣ್ಣು ಕೊಯ್ಯುವುದು, ಹೆರಕುವುದು, ಕಣದಲ್ಲಿ ಒಣಗಿಸುವುದು ನಮ್ಮ ಸದಸ್ಯೆಯರ ಕೈಗೆ ರೂಢಿಯಾದ ಕೆಲಸ. ಆ ಬೀಜದಲ್ಲಿ ಇರುವ, ನಿದ್ದೆ ಓಡಿಸುವ ವಸ್ತುವಿನ ಹೆಸರು ಕೆಫೀನ್. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಅದು ಹೆಚ್ಚು ಕಡಿಮೆ ಎರಡು ಪಟ್ಟು ಇರುತ್ತದೆ. ಚಿಕೋರಿಯಲ್ಲಿ ಇಲ್ಲವೇ ಇಲ್ಲ.

ಈ ಕೆಫೀನನ್ನು ಬೀಜದಿಂದ ಬೇರ್ಪಡಿಸಿ ತೆಗೆದವರು ಜರ್ಮನಿಯ ರುಂಗೆ ಎಂಬ ವಿಜ್ಞಾನಿ, 1819ರಲ್ಲಿ. ಅದಾದ ಮೇಲೆ ಕೋಕೋ ಬೀಜದಲ್ಲಿ ಥಿಯೋಬ್ರೋಮಿನ್ ಎಂಬ ವಸ್ತು ಸಿಕ್ಕಿತು. 1888ರಲ್ಲಿ ಕೊಸೆಲ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಚಹಾ ಸೊಪ್ಪಿನಿಂದ ಥಿಯೋಫಿಲಿನ್ ತೆಗೆದರು. ಮೂರರ ರಚನೆ ಬಹುತೇಕ ಒಂದೇ; ಕೆಲವೇ ಪರಮಾಣುಗಳ ಸಣ್ಣ ಗುಂಪು ಅಲ್ಲಿ ಇಲ್ಲಿ ವ್ಯತ್ಯಾಸ. ಒಂದೇ ತಾಯಿಯ ಮಕ್ಕಳ ಮುಖದ ಹಾಗೆ. ಈ ಮನೆತನಕ್ಕೆ ಕ್ಸಾಂಥೀನ್ ಅಂತ ಹೆಸರು.

ಅಡಿಕೆ ತೋಟದ ನಡುವೆ ಕೋಕೋ ಹಾಕಿದವರಿಗೆ ಒಂದು ಮಾತು: ಥಿಯೋಬ್ರೋಮಿನ್ ಮನುಷ್ಯರಿಗೆ ಹೆಚ್ಚು ತೊಂದರೆ ಮಾಡುವುದಿಲ್ಲ, ಆದರೆ ನಾಯಿಗೆ ವಿಷ. ಪೇಟೆಯಿಂದ ತಂದ ಚಾಕಲೇಟನ್ನು ಪ್ರೀತಿಯಿಂದ ನಾಯಿಗೆ ಹಾಕಬೇಡಿ. ಇನ್ನು ಕೋಕೋ ಮಾತು ಸಾಕು, ನಮ್ಮ ಪಾಠದಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ.

ನಮಗೆ ಬೇಕಾದ್ದು ಥಿಯೋಫಿಲಿನ್. ದಮ್ಮಿನ ಆ ಬಿಳಿ ಮಾತ್ರೆಯಲ್ಲಿ ಇರುವುದು ಅದೇ, ಜೊತೆಗೆ ಇಟೋಫಿಲಿನ್ ಎಂಬ ಅದರ ತಂಗಿ. ಡೆರಿಫಿಲಿನ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಚಹಾದಲ್ಲಿ ಥಿಯೋಫಿಲಿನ್ ಇರುವುದು ತೀರಾ ಸ್ವಲ್ಪ; ಮಾತ್ರೆಗೆ ಬೇಕಾದ್ದನ್ನು ಈಗ ಕಾರ್ಖಾನೆಯಲ್ಲೇ ತಯಾರಿಸುತ್ತಾರೆ. ಗುರುತು ಹಿಡಿಯುವುದು ಸುಲಭ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಕೊನೆಯಲ್ಲಿ 'ಫಿಲಿನ್' ಅಂತ ಬಂದರೆ ಅದು ಸಾಮಾನ್ಯವಾಗಿ ಈ ಮನೆತನದ್ದು: ಥಿಯೋಫಿಲಿನ್, ಅಮಿನೋಫಿಲಿನ್, ಡಾಕ್ಸೋಫಿಲಿನ್, ಅಸೆಬ್ರೋಫಿಲಿನ್. ಕಾಲಿನ ರಕ್ತಸಂಚಾರಕ್ಕೆ ಕೊಡುವ ಪೆಂಟಾಕ್ಸಿಫಿಲಿನ್ ಕೂಡ ಇದೇ ಬಳಗ. ಅಕ್ಷರ ಇಂಗ್ಲಿಷಿನಲ್ಲಿ ಇರುತ್ತದೆ, ಶಾಲೆಗೆ ಹೋಗುವ ಮಕ್ಕಳ ಹತ್ತಿರ ಓದಿಸಿ.

ಮಾತ್ರೆ ಏನು ಮಾಡುತ್ತದೆ?

ದಮ್ಮು ಬಂದಾಗ ಶ್ವಾಸಕೋಶದೊಳಗಿನ ಸಣ್ಣ ಸಣ್ಣ ಕೊಳವೆಗಳ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಒಳಗಡೆ ಊತ, ಕಫ. ಉಸಿರು ಒಳಗೆ ಹೋದದ್ದು ಹೊರಗೆ ಬರಲಿಕ್ಕೆ ಕಷ್ಟ. ಅದಕ್ಕೇ ಆ ಸುಯ್ ಸುಯ್ ಶಬ್ದ. ಥಿಯೋಫಿಲಿನ್ ಬಿಗಿದ ಸ್ನಾಯುವನ್ನು ಸಡಿಲ ಮಾಡುತ್ತದೆ. ಕೆಫೀನ್ ಕೂಡ ಅದೇ ಕೆಲಸವನ್ನು ದುರ್ಬಲವಾಗಿ ಮಾಡುತ್ತದೆ. 1860ರ ಸುಮಾರಿಗೆ ಇಂಗ್ಲೆಂಡಿನ ಸಾಲ್ಟರ್ ಎಂಬ ವೈದ್ಯರು, ಅವರಿಗೂ ದಮ್ಮು ಇತ್ತು, ಗಟ್ಟಿ ಕಪ್ಪು ಕಾಫಿ ದಮ್ಮಿಗೆ ಒಳ್ಳೆಯದು ಅಂತ ಬರೆದಿದ್ದರು. ನಮ್ಮ ಅಜ್ಜಿಯಂದಿರು ಕೂಡ ದಮ್ಮು ಬಂದವರಿಗೆ ಬಿಸಿ ಬಿಸಿ ಕರಿಕಾಫಿ ಕೊಡುತ್ತಿದ್ದರು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಮನೆಗಳಲ್ಲಿ ಕಟ್ಟನ್ ಕಾಪಿ ಕೊಡುತ್ತಾರೆ. ಅದು ಪೂರ್ತಿ ಮೂಢನಂಬಿಕೆ ಅಲ್ಲ. ಕಾಫಿ ಕುಡಿದ ಮೇಲೆ ಸುಮಾರು ನಾಲ್ಕು ಗಂಟೆಯವರೆಗೆ ಉಸಿರಿನ ದಾರಿ ಸ್ವಲ್ಪ ತೆರೆದಿರುತ್ತದೆ ಎಂದು ಈ ಕಾಲದ ಪರೀಕ್ಷೆಗಳಲ್ಲೂ ಕಂಡಿದೆ. ಹಾಗಾಗಿಯೇ ಆಸ್ಪತ್ರೆಯಲ್ಲಿ ಕೊಳವೆಗೆ ಊದಿಸುವ ಪರೀಕ್ಷೆ ಇದ್ದ ದಿನ ಮೊದಲೇ ಕಾಫಿ ಕುಡಿಯಬೇಡಿ ಅನ್ನುವುದು. ಕುಡಿದು ಹೋದರೆ ಇರುವುದಕ್ಕಿಂತ ಚೆನ್ನಾಗಿ ಕಾಣಿಸುತ್ತದೆ.

ಆದರೆ ಆ 'ಸ್ವಲ್ಪ'ವನ್ನು ನಂಬಿ ಕೂರಬಾರದು. ತೀವ್ರ ದಮ್ಮಿಗೆ ಕಾಫಿ ಮದ್ದಲ್ಲ. ಮಾತು ಪೂರ್ತಿ ಮಾಡಲಾಗದಷ್ಟು ಏದುಸಿರು, ತುಟಿ ಉಗುರು ನೀಲಿ, ಕುತ್ತಿಗೆ ಮತ್ತು ಪಕ್ಕೆಲುಬಿನ ಸಂದು ಒಳಗೆ ಎಳೆದುಕೊಳ್ಳುವುದು, ಮಂಕಾಗುವುದು ಕಂಡರೆ ಡಿಕಾಕ್ಷನ್ ಇಳಿಸುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಸಿಗ್ನಲ್ ಸಿಗದ ಊರಿನವರು ವಾಹನ ಇರುವ ಮನೆ ಯಾವುದು ಅಂತ ಮೊದಲೇ ಗೊತ್ತು ಮಾಡಿಟ್ಟುಕೊಳ್ಳಬೇಕು.

ಹಿತ ಎಲ್ಲಿ, ವಿಷ ಎಲ್ಲಿ?

ಈಗ ಮುಖ್ಯ ವಿಷಯಕ್ಕೆ ಬಂದೆವು. ಥಿಯೋಫಿಲಿನ್ ಗುಣ ಕೊಡುವ ಪ್ರಮಾಣಕ್ಕೂ ತೊಂದರೆ ಕೊಡುವ ಪ್ರಮಾಣಕ್ಕೂ ನಡುವೆ ಇರುವ ಜಾಗ ಬಹಳ ಕಿರಿದು. ಗದ್ದೆಯ ಅಂಚಿನ ಮೇಲೆ ನಡೆದ ಹಾಗೆ. ರಕ್ತದಲ್ಲಿ ಹೆಚ್ಚಾದರೆ ಮೊದಲು ಹೊಟ್ಟೆ ತೊಳೆಸುವುದು, ವಾಂತಿ, ತಲೆನೋವು, ಕೈ ನಡುಕ, ನಿದ್ದೆಗೇಡು, ಎದೆಬಡಿತ. ಇನ್ನೂ ಹೆಚ್ಚಾದರೆ ಹೃದಯದ ತಾಳ ತಪ್ಪುತ್ತದೆ, ಫಿಟ್ಸ್ ಬರುತ್ತದೆ. ಕೆಲವರಿಗೆ ವಾಂತಿಯ ಮುನ್ಸೂಚನೆಯೂ ಇಲ್ಲದೆ ನೇರವಾಗಿ ಫಿಟ್ಸ್ ಬಂದದ್ದಿದೆ.

ಅದೇ ಮಾತ್ರೆ, ಅದೇ ಅಳತೆ. ಇಷ್ಟು ವರ್ಷ ಏನೂ ಆಗಲಿಲ್ಲ, ಈಗ ಹೇಗೆ ಹೆಚ್ಚಾಯಿತು ಅಂತ ನೀವು ಕೇಳಬಹುದು. ಈ ಔಷಧವನ್ನು ಕರಗಿಸಿ ಹೊರಹಾಕುವ ಕೆಲಸ ಲಿವರಿನದು. ಕೆಫೀನನ್ನು ಕರಗಿಸುವುದೂ ಮುಖ್ಯವಾಗಿ ಲಿವರಿನ ಅದೇ ಒಲೆ. ಸಿಪ್ರೊಫ್ಲಾಕ್ಸಾಸಿನ್ ಆ ಒಲೆಯ ಉರಿಯನ್ನು ತಗ್ಗಿಸುತ್ತದೆ. ಮಾತ್ರೆ ದಿನಾ ಒಳಗೆ ಹೋಗುತ್ತಲೇ ಇದೆ, ಖರ್ಚಾಗುತ್ತಿಲ್ಲ. ಬಾಕಿ ಬೆಳೆಯುತ್ತಾ ಹೋಗುತ್ತದೆ. ಕಂತು ಕಟ್ಟದ ಸಾಲದ ಹಾಗೆ ಅಂದರೆ ನಮ್ಮ ಸದಸ್ಯೆಯರಿಗೆ ಬೇಗ ಅರ್ಥವಾದೀತು. ಆ ಅತ್ತೆಗೆ ಆದದ್ದು ಅದೇ. ಅದರ ಮೇಲೆ ದಿನಕ್ಕೆ ಐದಾರು ಲೋಟ ಕಾಫಿ. ಎದೆಬಡಿತ, ನಡುಕ, ನಿದ್ದೆಗೇಡು ಕಾಫಿಯದೂ ಹೌದು, ಮಾತ್ರೆಯದೂ ಹೌದು. ಎರಡೂ ಕೂಡಿಕೊಂಡವು.

ಎರಿತ್ರೋಮೈಸಿನ್ ಕೂಡ ಇದೇ ರೀತಿ ಬಾಕಿ ಬೆಳೆಸುತ್ತದೆ. ಮಾಲಾ-ಡಿಯಂಥ ಗರ್ಭನಿರೋಧಕ ಮಾತ್ರೆಯೂ ಸ್ವಲ್ಪ ಮಟ್ಟಿಗೆ ಹಾಗೆಯೇ. ಜೋರು ಜ್ವರ, ಲಿವರಿನ ಕಾಯಿಲೆ, ಹೃದಯ ದುರ್ಬಲವಾಗಿರುವುದು, ವಯಸ್ಸಾಗಿರುವುದು, ಇವೆಲ್ಲ ಸೇರುತ್ತವೆ. ಉಲ್ಟಾ ದಾರಿಯೂ ಇದೆ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್ ಇದ್ದರೆ ಥಿಯೋಫಿಲಿನ್ ಬೇಗ ಕರಗಿ ದಮ್ಮಿಗೆ ಸಾಲದೇ ಹೋಗುತ್ತದೆ. ಬೀಡಿ ಸೇದುವವರ ದೇಹ ಸಹ ಇದನ್ನು ಬೇಗ ಕರಗಿಸುತ್ತದೆ, ಅದು ಹೊಗೆಯ ಕೆಲಸ. ಹಾಗಾಗಿ ಮನೆಯ ಗಂಡಸರು ಬೀಡಿ ಬಿಟ್ಟರೆ (ಬಿಡಲಿ ಅಂತಲೇ ನಮ್ಮ ಪ್ರಾರ್ಥನೆ) ಹಳೆಯ ಅಳತೆಯ ಮಾತ್ರೆಯೇ ಹೆಚ್ಚಾಗಬಹುದು. ಡಾಕ್ಟರಿಗೆ ಹೇಳಲೇಬೇಕು.

ಇದನ್ನೆಲ್ಲ ಬಾಯಿಪಾಠ ಮಾಡುವುದು ಬೇಡ. ದಮ್ಮಿನ ಮಾತ್ರೆ ತೆಗೆದುಕೊಳ್ಳುವವರು ಬೇರೆ ಯಾವ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋದರೂ ಆ ಸ್ಟ್ರಿಪ್ ಕೈಯಲ್ಲಿ ಹಿಡಿದುಕೊಂಡೇ ಹೋಗಲಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಕೊಡುವುದು ಬೇಡವೇ ಬೇಡ. ಸಕ್ಕರೆ, ಕಾಫಿಪುಡಿ ಎರವಲು ಕೊಟ್ಟ ಹಾಗಲ್ಲ ಇದು.

ಈ ಪಾಠ ಓದಿ ಹೆದರಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ದಮ್ಮು ಜೋರಾಗಬಹುದು. ಹಳೆಯ ಚೀಟಿಯ ಮೇಲೆ ವರ್ಷಗಟ್ಟಲೆ ನಡೆದವರು ಡಾಕ್ಟರನ್ನು ಕಂಡು ಹೊಸದಾಗಿ ತೋರಿಸಿಕೊಳ್ಳಿ. ಯಾಕೆಂದರೆ ದಮ್ಮಿಗೆ ಇದು ಈಗ ಮೊದಲ ಸಾಲಿನ ಔಷಧ ಅಲ್ಲ.

ಮೊದಲ ಸಾಲಿನಲ್ಲಿರುವುದು ಬಾಯಿಗೆ ಹಿಡಿದು ಎಳೆಯುವ ಇನ್ಹೇಲರ್. 'ಪಂಪ್ ಹಿಡಿದರೆ ಬಿಡಲಿಕ್ಕಾಗಲ್ಲ', 'ಪಂಪ್ ಕೊಟ್ಟರು ಅಂದರೆ ಕಾಯಿಲೆ ಕೈಮೀರಿತು', 'ಮಗಳು ಪಂಪ್ ಎಳೆಯುವುದು ಕಂಡರೆ ಗಂಡು ಸಿಗಲ್ಲ' ಎಂಬ ಮಾತುಗಳು ಮೂರೂ ತಾಲ್ಲೂಕಿನಲ್ಲಿ ನಮ್ಮ ಕಿವಿಗೆ ಬಿದ್ದಿವೆ. ಲೆಕ್ಕ ನೋಡಿ. ಸಾಲ್ಬುಟಮಾಲ್ ಎಂಬ ದಮ್ಮಿನ ಔಷಧದ 4 ಮಿಲಿಗ್ರಾಂ ಮಾತ್ರೆ ನುಂಗಿದರೆ ದೇಹಕ್ಕೆ ಹೋಗುವ ಔಷಧ, ಅದರ ಪಂಪನ್ನು 40 ಸಲ ಒತ್ತಿದಷ್ಟು! ಮಾತ್ರೆ ಹೊಟ್ಟೆ, ರಕ್ತ, ಹೃದಯ ಎಲ್ಲ ಸುತ್ತಿ ಶ್ವಾಸಕೋಶಕ್ಕೆ ಬರಬೇಕು. ಪಂಪಿನ ಔಷಧ ನೇರ ಅಲ್ಲಿಗೇ ಹೋಗುತ್ತದೆ. ಯಾವುದು ಹಗುರ, ನೀವೇ ಹೇಳಿ. ಆದರೆ ಸಾಲ್ಬುಟಮಾಲ್ ಪಂಪ್ ಒಂದನ್ನೇ ನೆಚ್ಚಿಕೊಂಡಿರುವುದೂ ಸರಿಯಲ್ಲ. ಒಳಗಿನ ಊತ ಇಳಿಸುವ ಔಷಧವಿರುವ ಇನ್ಹೇಲರ್ ಬೇಕು ಎಂದು 2019ರಿಂದ ಅಂತರರಾಷ್ಟ್ರೀಯ ತಜ್ಞರು ಸ್ಪಷ್ಟವಾಗಿ ಹೇಳುತ್ತಿದ್ದಾರೆ. ಹಿಡಿಯುವ ಕ್ರಮ ತಪ್ಪಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಡಾಕ್ಟರ ಅಥವಾ ನರ್ಸಮ್ಮನ ಎದುರಿಗೇ ಒಮ್ಮೆ ಎಳೆದು ತೋರಿಸಿ ಬನ್ನಿ, ನಾಚಿಕೆ ಬೇಡ.

ಎಳೆ ಕೂಸಿಗೂ ಕಾಫಿಯ ಔಷಧ

ಈ ಮನೆತನದ ಔಷಧ ಅಂದರೆ ಬರೀ ಭಯ ಅಂತಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಿನ ಮಿದುಳು ಇನ್ನೂ ಪಕ್ವವಾಗಿರುವುದಿಲ್ಲ. ಮಗು ಉಸಿರಾಡುವುದನ್ನೇ ಮರೆತುಬಿಡುತ್ತದೆ. ಇಪ್ಪತ್ತು ಸೆಕೆಂಡು, ಕೆಲವು ಸಲ ಇನ್ನೂ ಹೆಚ್ಚು. ಮೈ ನೀಲಿಯಾಗುತ್ತದೆ. ಇಂಥ ಕೂಸಿಗೆ ಕೊಡುವ ಔಷಧ ಕೆಫೀನ್ ಸಿಟ್ರೇಟ್. ಅದು ಮಿದುಳಿನ ಉಸಿರಾಟದ ಕೇಂದ್ರವನ್ನು ಎಚ್ಚರವಾಗಿಡುತ್ತದೆ. ಮೊದಲು ಇದಕ್ಕೂ ಥಿಯೋಫಿಲಿನ್, ಅಮಿನೋಫಿಲಿನ್ ಕೊಡುತ್ತಿದ್ದರು. ಎಳೆ ಕೂಸಿನ ದೇಹ ಥಿಯೋಫಿಲಿನ್‌ನ ಒಂದು ಪಾಲನ್ನು ತಾನೇ ಕೆಫೀನ್ ಆಗಿ ಬದಲಿಸಿಕೊಳ್ಳುತ್ತದೆ ಎಂಬುದು ಕೇಳಲಿಕ್ಕೇ ಆಶ್ಚರ್ಯ. ಕೆಫೀನ್ ಹೆಚ್ಚು ಸುರಕ್ಷಿತ, ದಿನಕ್ಕೆ ಒಂದೇ ಸಲ ಕೊಟ್ಟರೆ ಸಾಕು. ಹಲವು ದೇಶಗಳ 2,006 ಶಿಶುಗಳ ಮೇಲೆ ನಡೆದ ದೊಡ್ಡ ಅಧ್ಯಯನದ ಮೊದಲ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಕೆಫೀನ್ ಪಡೆದ ಕೂಸುಗಳು ಒತ್ತಡದಿಂದ ಗಾಳಿ ಕೊಡುವ ಉಸಿರಾಟದ ಯಂತ್ರದ ಆಸರೆಯಿಂದ ಸುಮಾರು ಒಂದು ವಾರ ಮೊದಲೇ ಹೊರಬಂದವು. ಶ್ವಾಸಕೋಶದ ದೀರ್ಘಕಾಲದ ತೊಂದರೆಯೂ ಕಡಿಮೆಯಾಯಿತು. ಈಗ ಅದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿದೆ.

ಆದ್ದರಿಂದ ನಿಮ್ಮ ಮಗಳ ಅಥವಾ ಸೊಸೆಯ ಕೂಸನ್ನು ಚಿಕ್ಕಮಗಳೂರು, ಶಿವಮೊಗ್ಗ, ಮಣಿಪಾಲದ ಶಿಶು ಘಟಕದಲ್ಲಿ ಇಟ್ಟಾಗ "ಕೆಫೀನ್ ಕೊಡ್ತಾ ಇದ್ದೇವೆ" ಅಂದರೆ ಗಾಬರಿಯಾಗಬೇಡಿ. ಆದರೆ ಆಸ್ಪತ್ರೆಯವರೇ ಕೊಡ್ತಾರಲ್ಲ ಅಂತ ಮನೆಗೆ ಬಂದ ಮೇಲೆ ಕೂಸಿನ ಬಾಯಿಗೆ ಕಾಫಿ ಡಿಕಾಕ್ಷನ್ ಹನಿ ಹಾಕಬಾರದು. ದೊಡ್ಡವರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಸಾಕು. ಎಳೆ ಕೂಸಿಗೆ ಮೂರು ನಾಲ್ಕು ದಿನ ಬೇಕು.

ತಲೆನೋವಿನ ಮಾತ್ರೆಯೊಳಗೆ

ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇದೆ. ನೋವಿನ ಔಷಧದ ಜೊತೆ ಸೇರಿದಾಗ ಅದರ ಕೆಲಸ ಸ್ವಲ್ಪ ಹೆಚ್ಚುತ್ತದೆ, ಅದಕ್ಕಾಗಿ ಹಾಕುತ್ತಾರೆ. ತೋಟದ ಕೆಲಸ ಮುಗಿಸಿ ಬಂದು ದಿನಾ ಒಂದು ನುಂಗುವ ಅಭ್ಯಾಸ ನಮ್ಮ ಎಷ್ಟೋ ಅಕ್ಕಂದಿರಿಗೆ ಇದೆ. ತಿಂಗಳಲ್ಲಿ ಹತ್ತು ದಿನಕ್ಕಿಂತ ಹೆಚ್ಚು ಇಂಥ ಮಾತ್ರೆ ತಿಂದರೆ, ಆ ಮಾತ್ರೆಯಿಂದಲೇ ತಲೆನೋವು ಹುಟ್ಟಿಕೊಳ್ಳಬಹುದು. ಅದಕ್ಕೆ ಮತ್ತೊಂದು ಮಾತ್ರೆ. ತಪಸ್ಸು ಕಾಲದಲ್ಲಿ ಕಾಫಿ ಬಿಟ್ಟವರಿಗೆ, ಏಕಾದಶಿ, ರಂಜಾನ್ ಉಪವಾಸ ಮಾಡುವವರಿಗೆ ಮೊದಲ ಒಂದೆರಡು ದಿನ ತಲೆ ಸಿಡಿಯುವುದೂ ಬಹಳ ಸಲ ಕೆಫೀನ್ ತಪ್ಪಿದ್ದರಿಂದಲೇ. ವಾರದ ಮುಂಚಿನಿಂದ ಲೋಟ ಕಡಿಮೆ ಮಾಡುತ್ತಾ ಬಂದರೆ ಅಷ್ಟು ಕಾಡುವುದಿಲ್ಲ.

ಹಾಗಾದರೆ ಎಷ್ಟು ಕುಡಿಯಬಹುದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು. 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65. ಅಂದರೆ ಗಟ್ಟಿ ಕಾಫಿ ಮೂರು ಲೋಟಕ್ಕೇ ಲೆಕ್ಕ ಮುಗಿಯಬಹುದು. ನಮ್ಮ ಮನೆಯ ಲೋಟವೂ ದೊಡ್ಡದು! ಗರ್ಭಿಣಿಯರಲ್ಲಿ ಕೆಫೀನ್ ಕರಗುವುದು ತೀರಾ ನಿಧಾನ, ಅದು ಹೊಟ್ಟೆಯ ಮಗುವಿಗೂ ದಾಟುತ್ತದೆ. ಅವರು ಇನ್ನೂ ಕಡಿಮೆ ಮಾಡಲಿ. ಅಂಗನವಾಡಿಯಲ್ಲಿ, ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಇದಕ್ಕೆ ಕಾರಣ ಕೆಫೀನ್ ಅಲ್ಲ, ಅದರಲ್ಲಿರುವ ಒಗರು. ಊಟಕ್ಕೂ ಮಾತ್ರೆಗೂ ಹಿಂದೆ ಮುಂದೆ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಬನ್ನಿ. ಓದಲು ಬಲ್ಲವರು ಹೆಸರು ಓದಲಿ. 'ಫಿಲಿನ್' ಇರುವುದು ಯಾರ ಮನೆಯಲ್ಲಿ, ಯಾರಿಗೆ, ಎಷ್ಟು ವರ್ಷದಿಂದ, ಕೊನೆಯ ಸಲ ಡಾಕ್ಟರಿಗೆ ತೋರಿಸಿದ್ದು ಯಾವಾಗ, ಜೊತೆಗೆ ಬೇರೆ ಏನು ತಗೊಳ್ತಾರೆ ಅಂತ ಆಯಾ ಮನೆಯವರೇ ಒಂದು ಚೀಟಿಯಲ್ಲಿ ಬರೆದುಕೊಳ್ಳಲಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಚೀಟಿಯೇ ಕೆಲಸಕ್ಕೆ ಬರುತ್ತದೆ. ಹೋಗಲು ಕೈಯಲ್ಲಿ ದುಡ್ಡಿಲ್ಲದವರು ಸಂಘದ ಒಳಸಾಲಕ್ಕೆ ಕೇಳಲು ಸಂಕೋಚಪಡಬೇಡಿ, ಪ್ರತಿನಿಧಿಗಳು ಇಂಥ ಅರ್ಜಿಯನ್ನು ಮೊದಲು ತೆಗೆದುಕೊಳ್ಳಲಿ. ಒಂದು ತೊಂದರೆ ನಿಮಗೆ ಕಾಣಿಸುತ್ತದೆ: ಅರ್ಧ ಸ್ಟ್ರಿಪ್ ಕತ್ತರಿಸಿ ಕೊಟ್ಟದ್ದರಲ್ಲಿ ಹೆಸರೂ ಇರುವುದಿಲ್ಲ, ತಾರೀಕೂ ಇರುವುದಿಲ್ಲ. ಇನ್ನು ಮೇಲೆ ಅಂಗಡಿಯಲ್ಲಿ ಕತ್ತರಿ ಹಿಡಿಯುವಾಗಲೇ, "ಹೆಸರು ಇರುವ ಕಡೆಯದನ್ನು ನನಗೆ ಕೊಡಿ" ಅಂತ ಕೇಳಿ ಪಡೆಯಿರಿ.